ಟೈರ್ ರೊಟೇಶನ್: ಮನೆಯಲ್ಲಿ ಮಾಡಿದ್ದು, ಅಂಗಡಿಯಲ್ಲಿ ಮಾಡಿಸಿದ್ದು

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಟೈರ್ ರೊಟೇಶನ್‌ಗೆ (ಟೈರುಗಳ ಜಾಗ ಹಿಂದೆ ಮುಂದೆ ಬದಲಿಸುವುದಕ್ಕೆ) ನನ್ನ ಓಟು ಮನೆಗೆ. ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲೂ ತೂಕ ಸಮ ಮಾಡುವುದು), ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿ ಮಾಡುವುದು) ಅಂಗಡಿಗೆ. ದುಡ್ಡು ಉಳಿಯುತ್ತದೆ ಅಂತ ಹೀಗೆ ಹೇಳುತ್ತಿಲ್ಲ. ಒಳ್ಳೆಯ ಜಾಕು, ಸ್ಟ್ಯಾಂಡು, ಟಾರ್ಕ್ ರೆಂಚು (ಎಷ್ಟು ಬೇಕೋ ಅಷ್ಟೇ ಬಿಗಿಗೆ ನಟ್ಟು ಬಿಗಿಯುವ ಪಾನಾ) ಎಲ್ಲ ಕೊಂಡರೆ ಅದರ ಅಸಲು ಹುಟ್ಟುವುದಕ್ಕೇ ವರ್ಷಗಳು ಬೇಕು. ನನಗೆ ಮುಖ್ಯ ಅನ್ನಿಸಿದ್ದು ಎರಡೇ ಪ್ರಶ್ನೆ. ನಟ್ಟುಗಳನ್ನು ಎಷ್ಟು ಬಿಗಿ ಮಾಡಿದ್ದಾರೆ? ಚಕ್ರ ಕೈಗೆ ಬಂದಾಗ ಅದನ್ನು ಯಾರಾದರೂ ಸರಿಯಾಗಿ ನೋಡಿದರಾ? ಈ ಎರಡಕ್ಕೂ ಮನೆಯಲ್ಲಿ ಖಚಿತ ಉತ್ತರ ಸಿಗುತ್ತದೆ. ಅಂಗಡಿಯಲ್ಲಿ ಸಿಗುವುದು ಅಲ್ಲಿ ಕೆಲಸ ಮಾಡುವವರ ಮೇಲೆ ಹೋಗುತ್ತದೆ.

ನನ್ನದು ಸಣ್ಣ ಹ್ಯಾಚ್‌ಬ್ಯಾಕ್. ಎಂಜಿನ್ನೂ ಮುಂದೆ, ಎಳೆಯುವ ಚಕ್ರಗಳೂ ಮುಂದಿನವೇ. ಇಂಥ ಕಾರಿನಲ್ಲಿ ಮುಂದಿನ ಟೈರುಗಳ ಪಾಡು ಕೇಳಬೇಡಿ. ಜಾಸ್ತಿ ತೂಕ ಅವುಗಳ ಮೇಲೆ, ಎಳೆಯುವುದು ಅವು, ತಿರುಗುವುದು ಅವು, ಬ್ರೇಕ್ ಒತ್ತಿದಾಗ ಭಾರ ಬಂದು ಬೀಳುವುದೂ ಅವುಗಳ ಮೇಲೇ. ಹಿಂದಿನವು ಸುಮ್ನೆ ಉರುಳಿಕೊಂಡು ಬರುತ್ತವೆ. ಹಾಗೇ ಬಿಟ್ಟರೆ ಮುಂದಿನ ಜೋಡಿ ಬೋಳಾಗುವ ಹೊತ್ತಿಗೆ ಹಿಂದಿನ ಜೋಡಿಯಲ್ಲಿ ಇನ್ನೂ ಬೇಕಾದಷ್ಟು ಟ್ರೆಡ್ (ನೆಲಕ್ಕೆ ತಾಗುವ ತೋಡುಗಳಿರುವ ರಬ್ಬರು) ಉಳಿದಿರುತ್ತದೆ. ನಾಲ್ಕನ್ನೂ ಸಮವಾಗಿ ಸವೆಸಬೇಕು ಅಂತಲೇ 8,000ದಿಂದ 10,000 ಕಿ.ಮೀ.ಗೊಮ್ಮೆ ಜಾಗ ಬದಲಿಸುವುದು. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ತಡ ಮಾಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಹಿಡಿತ ಬಿಟ್ಟರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಸಂಭಾಳಿಸುವುದು ಸಾಮಾನ್ಯ ಚಾಲಕನ ಕೈಯಲ್ಲಿ ಆಗದ ಮಾತು. ಅದಕ್ಕೇ ಟೈರ್ ಕಂಪನಿಗಳು ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಕ್ಕೆ ಹಾಕಿ ಅನ್ನುತ್ತವೆ. ಆದರೆ ರೊಟೇಶನ್‌ನಲ್ಲಿ ಆಗುವುದು ಇದಕ್ಕೆ ಉಲ್ಟಾ. ಜಾಸ್ತಿ ಸವೆದ ಮುಂದಿನ ಜೋಡಿ ಹಿಂದಕ್ಕೆ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಮಾಡುತ್ತಾ ಬಂದರೆ ಎರಡು ಜೋಡಿಗಳ ನಡುವಿನ ವ್ಯತ್ಯಾಸ ಒಂದು ಮಿ.ಮೀ. ಆಸುಪಾಸಿನಲ್ಲಿ ಇರುತ್ತದೆ, ತೊಂದರೆ ಇಲ್ಲ. ವರ್ಷಗಟ್ಟಲೆ ಬಿಟ್ಟು, ಮುಂದಿನವು ತೀರಾ ಸವೆದ ಮೇಲೆ ಅವನ್ನು ಹಿಂದಕ್ಕೆ ಹಾಕುವುದು ನನ್ನ ಪ್ರಕಾರ ಅಪಾಯದ ಕೆಲಸ. ಅಷ್ಟು ಹೊತ್ತಿಗೆ ರೊಟೇಶನ್ ಕಾಲ ಮುಗಿದಿರುತ್ತದೆ, ಹೊಸ ಟೈರಿನ ಕಾಲ ಬಂದಿರುತ್ತದೆ.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿನ ದೊಡ್ಡ ಅನುಕೂಲ ಲಿಫ್ಟು. ಕಾರು ನಾಲ್ಕೂ ಚಕ್ರ ಬಿಟ್ಟು ಎದೆಮಟ್ಟಕ್ಕೆ ಏರುತ್ತದೆ, ಇಬ್ಬರು ಹುಡುಗರು ಎರಡು ಕಡೆಯಿಂದ ಶುರು ಮಾಡುತ್ತಾರೆ, ಒಂದು ಕಾಫಿ ಕುಡಿದು ಮುಗಿಸುವುದರೊಳಗೆ ಕಾರು ಕೆಳಗಿಳಿದಿರುತ್ತದೆ. ಬಗ್ಗುವುದಿಲ್ಲ, ಕೈ ಕಪ್ಪಾಗುವುದಿಲ್ಲ. ಹೇಗೂ ಚಕ್ರ ಬಿಚ್ಚಿದ್ದಾರೆ ಅಂದರೆ ಬ್ಯಾಲೆನ್ಸಿಂಗ್ ಮೆಶಿನ್‌ಗೂ ಹಾಕಿಸಬಹುದು. ರಿಮ್ಮಿನ ಅಂಚಿಗೆ ಅಂಟಿಸುವ ಆ ಸಣ್ಣ ತೂಕಗಳು ಇವೆಯಲ್ಲ, ಐದು ಗ್ರಾಂ, ಹತ್ತು ಗ್ರಾಂ, ಅವುಗಳ ಲೆಕ್ಕ ಮನೆಯಲ್ಲಿ ಸಿಗುವುದಿಲ್ಲ. ವೇಗ ಏರಿದಾಗ ಸ್ಟೇರಿಂಗ್ ನಡುಗುತ್ತಿದ್ದರೆ ಮನೆಯಲ್ಲಿ ಟೈರ್ ಬದಲಿಸುತ್ತಾ ಕೂರಬೇಡಿ, ನೇರ ಅಂಗಡಿಗೆ ಹೋಗಿ. ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಮೊದಲು ಗಾಳಿ ನೋಡಿ. ಗಾಳಿ ಸರಿ ಇದ್ದೂ ಎಳೆದರೆ ಅಲೈನ್‌ಮೆಂಟ್ ಮಾಡಿಸಿ.

ಅಂಗಡಿಯಲ್ಲಿ ನನಗೆ ಸರಿ ಕಾಣದ್ದು ಗನ್ನು. ಟರ್ರ್ ಅಂತ ಸದ್ದು ಮಾಡುತ್ತಾ ನಟ್ಟು ಬಿಗಿಯುವ ಆ ಏರ್ ಗನ್. ಬಿಚ್ಚುವುದಕ್ಕೆ ಅದು ಒಳ್ಳೆಯದೇ. ಬಿಗಿ ಮಾಡುವಾಗ ಎಷ್ಟು ಬಿಗಿಯಾಯಿತು ಅನ್ನುವುದು ಗನ್ ಹಿಡಿದವನಿಗೂ ಗೊತ್ತಿರುವುದಿಲ್ಲ. ನಾನು ಹೋಗುತ್ತಿದ್ದ ಒಂದು ಅಂಗಡಿಯಲ್ಲಿ ಗನ್ನಿನಿಂದಲೇ ಶುರು, ಗನ್ನಿನಿಂದಲೇ ಮುಕ್ತಾಯ. ಆಮೇಲೆ ಒಂದು ದಿನ ದಾರಿಯಲ್ಲಿ ಪಂಕ್ಚರ್ ಆಯಿತು. ಕಾರಿನ ಜೊತೆ ಬಂದ ಗಿಡ್ಡ ಪಾನಾ ಹಾಕಿ ಇಡೀ ಮೈಭಾರ ಬಿಟ್ಟರೂ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಲಾರಿಯವರು ನಿಲ್ಲಿಸಿ ಉದ್ದದ ಪೈಪು ಕೊಟ್ಟರು. ಆ ಪೈಪನ್ನು ಪಾನಾಕ್ಕೆ ಸಿಕ್ಕಿಸಿ ಎಳೆದ ಮೇಲೆ ನಟ್ಟು ಕಿರ್ ಅಂತ ಬಿಟ್ಟಿತು. ರಸ್ತೆ ಬದಿಯಲ್ಲಿ ಒಬ್ಬಂಟಿಯಾಗಿ ಸ್ಟೆಪ್ನಿ ಹಾಕಬೇಕಾದವರಿಗೆ ಇದೆಂಥ ಕಷ್ಟ ಯೋಚಿಸಿ. ಬಿಚ್ಚಲು ಬಾರದ ನಟ್ಟು ಇದ್ದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇದ್ದೂ ಇಲ್ಲದ ಲೆಕ್ಕವೇ.

ಬಿಗಿ ಜಾಸ್ತಿಯಾದರೆ ಆಗುವ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ನಟ್ಟು ಕೂರುವ ಸ್ಟಡ್ಡು ಸ್ವಲ್ಪ ಹಿಗ್ಗಿ ಬಿಗಿ ಹಿಡಿಯುತ್ತದೆ, ಅದೇ ಅದರ ಕೆಲಸ. ಮಿತಿ ಮೀರಿ ಎಳೆದರೆ ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ, ಕೊನೆಗೊಂದು ದಿನ ತುಂಡಾಗುತ್ತದೆ. ಒಂದು ನಟ್ಟು ಅತಿ ಬಿಗಿ, ಪಕ್ಕದ್ದು ಸಡಿಲ ಅಂತಾದರೆ ಬ್ರೇಕ್ ಡಿಸ್ಕ್ ಸ್ವಲ್ಪ ಓರೆಯಾಗಿ ಕೂರಬಹುದು. ಆಗ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನಡಿ ಮಿಡಿಯುತ್ತದೆ. ಜನ ಡಿಸ್ಕ್ ಹೋಯಿತು ಅಂದುಕೊಂಡು ಡಿಸ್ಕನ್ನೇ ಬದಲಿಸುತ್ತಾರೆ.

ಇನ್ನೊಂದು ಅಂಗಡಿಯ ಅನುಭವ ಬೇರೆ ಥರದ್ದು. ಹೋಗುವ ಮೊದಲು ನನ್ನ ಮಗಳು ಪ್ರತಿ ಟೈರಿನ ಒಳಗೋಡೆಗೆ ಚಾಕ್‌ಪೀಸಿನಿಂದ ಗುರುತು ಹಾಕಿದ್ದಳು. ಎಡ ಮುಂದೆ, ಬಲ ಮುಂದೆ, ಹೀಗೆ. ಅದು ಅವಳ ಸ್ವಂತ ಐಡಿಯಾ. ರೊಟೇಶನ್ ಆಯಿತು ಅಂತ ಬಿಲ್ ಕೊಟ್ಟರು. ಮನೆಗೆ ಬಂದು ಅವಳು ಬಗ್ಗಿ ನೋಡಿ, "ಅಪ್ಪಾ, ಎಡಗಡೆ ಮುಂದಿನದು ಎಡಗಡೆ ಮುಂದೆಯೇ ಇದೆಯಲ್ಲ!" ಅಂದಳು. ನಾಲ್ಕೂ ಇದ್ದಲ್ಲೇ ಇದ್ದವು. ಫೋನ್ ಮಾಡಿದೆ, ವಾಪಸ್ ಕರೆದು ಮಾಡಿಕೊಟ್ಟರು. ಅವರು ಬೇಕಂತಲೇ ಹಾಗೆ ಮಾಡಿದರು ಅಂತ ನಾನು ಹೇಳುವುದಿಲ್ಲ, ಅವತ್ತು ಅಲ್ಲಿ ಸಾಲುಗಟ್ಟಿ ಕಾರುಗಳಿದ್ದವು. ಆದರೂ ಯಾರಿಗೇ ಆದರೂ ಕಾರು ಬಿಟ್ಟು ಬರುವ ಮೊದಲು ಚಾಕ್‌ಪೀಸ್ ಗುರುತು ಹಾಕಿ ಅಂತ ಈಗಲೂ ಹೇಳುತ್ತೇನೆ. ಒಳಗೋಡೆಗೇ ಹಾಕಿ, ಹೊರಗಡೆ ಹಾಕಿದರೆ ಒರೆಸಿ ಹೋಗುತ್ತದೆ.

ಎಲ್ಲ ಅಂಗಡಿಯೂ ಹೀಗೇ ಅಂದರೆ ಅನ್ಯಾಯವಾದೀತು. ಮೂರನೆಯ ಒಂದು ಕಡೆ ಹಿರಿಯ ಮೆಕ್ಯಾನಿಕ್ ಒಬ್ಬರು ಕೆಲಸದ ನಡುವೆ ಕೈ ಒರೆಸಿಕೊಳ್ಳುತ್ತಾ ಬಂದು, "ಸಾರ್, ಒಂದು ನಿಮಿಷ ಬನ್ನಿ, ಇದನ್ನ ನೋಡಿ" ಅಂತ ಲಿಫ್ಟಿನ ಕೆಳಗೆ ಕರೆದುಕೊಂಡು ಹೋದರು. ಮುಂದಿನ ಚಕ್ರದ ಹಿಂದೆ, ಡ್ರೈವ್ ಶಾಫ್ಟಿನ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ದಂಡ) ಕೀಲಿನ ಮೇಲೆ ಒಂದು ರಬ್ಬರ್ ಬೂಟು ಇರುತ್ತದೆ. ಅದರ ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು. ಗ್ರೀಸು ಸುತ್ತಲೂ ಎರಚಿಕೊಂಡಿತ್ತು. ಈಗಲೇ ಬೂಟು ಬದಲಿಸಿದರೆ ಅಷ್ಟಕ್ಕೇ ಮುಗಿಯುತ್ತದೆ, ಬಿಟ್ಟರೆ ಮಣ್ಣು ಒಳಗೆ ಹೋಗಿ ಕೀಲೇ ಹಾಳಾಗುತ್ತದೆ ಅಂದರು. ಕೊನೆಯಲ್ಲಿ ಅವರೇ ಟಾರ್ಕ್ ರೆಂಚ್ ತಂದು ನಾಲ್ಕೂ ಚಕ್ರಕ್ಕೆ ಹಾಕಿದರು. ಅಂಗಡಿ ಅಂದರೆ ಹೀಗಿರಬೇಕು. ಇಂಥವರು ನಿಮಗೆ ಸಿಕ್ಕಿದ್ದರೆ ಜಾಕು ಕೊಳ್ಳುವ ಯೋಚನೆ ಬಿಡಿ, ಅವರನ್ನೇ ಹಿಡಿದುಕೊಳ್ಳಿ.

ಮನೆಯ ಕೆಲಸಕ್ಕೆ ಮೊದಲು ಜಾಗ ಬೇಕು. ಸಮತಟ್ಟಾದ ಗಟ್ಟಿ ನೆಲ, ಕಾಂಕ್ರೀಟ್ ಆದರೆ ಉತ್ತಮ. ಇಳಿಜಾರು, ಮಣ್ಣು ನೆಲ, ಬಿಸಿಲಿಗೆ ಮೆತ್ತಗಾಗುವ ಟಾರು, ಇವು ಯಾವುವೂ ಆಗುವುದಿಲ್ಲ. ಅಂಥ ಜಾಗ ಇಲ್ಲದಿದ್ದರೆ ಯೋಚನೆಯೇ ಬೇಡ, ಅಂಗಡಿಗೆ ಹೋಗಿ. ಕಾರಿನ ಜೊತೆ ಬರುವ ಕತ್ತರಿ ಜಾಕು ದಾರಿಯಲ್ಲಿ ಸ್ಟೆಪ್ನಿ ಹಾಕುವುದಕ್ಕೆ ಅಂತ ಕೊಟ್ಟಿರುವುದು. ಅದರ ಪಾದ ಕಿರಿದು, ಸ್ವಲ್ಪ ಅಲುಗಿದರೂ ವಾಲುತ್ತದೆ. ನಾನು ಗಾಲಿ ಇರುವ ಹೈಡ್ರಾಲಿಕ್ ಟ್ರಾಲಿ ಜಾಕು ಕೊಂಡೆ. ಹಿಡಿ ಒತ್ತುತ್ತಾ ಹೋದರೆ ಕಾರು ನಿಧಾನ ಏರುತ್ತದೆ, ತಟ್ಟೆಯ ಮೇಲೆ ರಬ್ಬರ್ ಪ್ಯಾಡ್ ಇಟ್ಟರೆ ಬಾಡಿಯ ಅಂಚು ಮಡಚುವುದಿಲ್ಲ. ಜಾಕು ಎಲ್ಲೆಂದರಲ್ಲಿ ಕೊಡುವಂತಿಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ ಚಕ್ರದ ಪಕ್ಕಕ್ಕೆ ಎರಡು ಕಚ್ಚು ಇರುತ್ತವೆ, ಅವುಗಳ ನಡುವೆಯೇ ಕೊಡಬೇಕು.

ಜಾಕು ಎತ್ತುವುದಕ್ಕೆ, ಸ್ಟ್ಯಾಂಡು ಹೊರುವುದಕ್ಕೆ. ಇದರಲ್ಲಿ ರಾಜಿ ಇಲ್ಲ. ಹೈಡ್ರಾಲಿಕ್ ಜಾಕಿನ ಒಳಗಿರುವುದು ಎಣ್ಣೆ, ಒಂದು ಸೀಲ್ ಸೋರಿದರೆ ಕಾರು ಇಳಿಯುತ್ತದೆ. ಚಕ್ರ ಬಿಚ್ಚಿದ ಕ್ಷಣದಿಂದ ಸ್ಟ್ಯಾಂಡ್ ಇರಲೇಬೇಕು, ಕಾರಿನ ಅಡಿಗೆ ಕೈ, ತಲೆ ಯಾವುದೂ ಹೋಗಬಾರದು. ಅಡ್ಡಗಲ್ಲು ಕೊಡುವುದನ್ನೂ ಮರೆಯಬೇಡಿ. ಹ್ಯಾಂಡ್ ಬ್ರೇಕ್ ಹಾಕಿದ್ದೇನಲ್ಲ ಅಂದುಕೊಳ್ಳುತ್ತೇವೆ. ಅದು ಬಹುತೇಕ ಕಾರುಗಳಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂದಿನದನ್ನೇ ಎತ್ತಿದರೆ? ಗೇರಿನಲ್ಲಿ ಬಿಟ್ಟಿದ್ದೇನೆ ಅಂದರೂ, ಎಳೆಯುವ ಚಕ್ರಗಳಲ್ಲಿ ಒಂದು ಮೇಲೆದ್ದರೆ ಅದು ಸುಮ್ನೆ ತಿರುಗಬಲ್ಲದು, ಇನ್ನೊಂದರ ಹಿಡಿತ ಹೋಗುತ್ತದೆ. ಅದಕ್ಕೇ ಎತ್ತುವ ಮೂಲೆಗೆ ಎದುರು ಮೂಲೆಯ ಚಕ್ರಕ್ಕೆ ಹಿಂದೂ ಮುಂದೂ ಮರದ ತುಂಡು ಕೊಡಬೇಕು. ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲ ಮಾಡಿಕೊಳ್ಳಿ. ಮೇಲೆತ್ತಿ ಎಳೆದಾಡಿದರೆ ಕಾರು ಅಲುಗುತ್ತದೆ.

ಮನೆಯಲ್ಲಿ ಒಂದೇ ಜಾಕು ಇದ್ದಾಗ ನಾಲ್ಕು ಚಕ್ರ ಬದಲಿಸುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಸ್ಟೆಪ್ನಿ ಇದ್ದರೆ ಆರಾಮ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನವು ತಮ್ಮ ಪಕ್ಕದಲ್ಲೇ ನೇರ ಹಿಂದಕ್ಕೆ, ಹಿಂದಿನವು ಅಡ್ಡ ದಾಟಿ ಮುಂದಕ್ಕೆ ಹೋಗಬೇಕು. ಎಡ ಮುಂದಿನ ಚಕ್ರ ಬಿಚ್ಚಿ ಅಲ್ಲಿ ಸ್ಟೆಪ್ನಿ ಹಾಕಿ. ಬಿಚ್ಚಿದ್ದನ್ನು ಎಡ ಹಿಂದಕ್ಕೆ ಹಾಕಿ. ಅಲ್ಲಿಂದ ಬಂದದ್ದು ಬಲ ಮುಂದಕ್ಕೆ. ಅಲ್ಲಿನದು ಬಲ ಹಿಂದಕ್ಕೆ. ಅಲ್ಲಿನದನ್ನು ತಂದು, ಸ್ಟೆಪ್ನಿ ತೆಗೆದು, ಎಡ ಮುಂದಕ್ಕೆ. ಮುಗಿಯಿತು. ಸರಪಳಿಯ ಹಾಗೆ ಒಂದರ ಹಿಂದೆ ಒಂದು ಬರುತ್ತದೆ, ಎಲ್ಲೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಯಾವ ಹೊತ್ತಿನಲ್ಲೂ ಒಂದೇ ಮೂಲೆ ಮೇಲಿರುತ್ತದೆ. ಹಿಂದಿನ ಚಕ್ರ ಎಳೆಯುವ ಕಾರಾದರೆ ಇದೇ ದಾರಿ ತಿರುಗಿಸಿ: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡ ಹಿಂದಕ್ಕೆ.

ಶುರು ಮಾಡುವ ಮೊದಲು ಟೈರಿನ ಗೋಡೆ ಓದಿ. ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಆ ಟೈರು ಪಕ್ಕ ದಾಟುವಂತಿಲ್ಲ, ಅದೇ ಪಕ್ಕದಲ್ಲಿ ಹಿಂದೆ ಮುಂದೆ ಮಾತ್ರ. ಈ ಪಕ್ಕ ಹೊರಗೆ ಅಂತ ಬರೆದಿರುವ ಟೈರು ದಾಟಬಹುದು, ಆ ಪಕ್ಕ ಹೊರಗೇ ಇರುತ್ತದೆ. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಇರುವ ಕಾರಿನಲ್ಲಿ ಹಿಂದೆ ಮುಂದೆ ಆಗುವುದೇ ಇಲ್ಲ. ಸ್ಟೆಪ್ನಿ ಕೂಡ ಅದೇ ಅಳತೆ, ಅದೇ ರಿಮ್ ಆಗಿದ್ದರೆ ಐದನ್ನೂ ರೊಟೇಶನ್ನಿಗೆ ಸೇರಿಸಬಹುದು. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯನ್ನು ಮಾತ್ರ ಸೇರಿಸಬೇಡಿ, ಮೇಲೆ ಹೇಳಿದ ಹಾಗೆ ನಿಂತ ಕಾರಿಗೆ ಆಧಾರವಾಗಿ ಇಟ್ಟುಕೊಂಡರೆ ಸಾಕು.

ಮನೆಯ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಚಕ್ರ ಮಡಿಲಿಗೆ ಬಂದ ಮೇಲಿನದು. ಅವಸರ ಯಾರಿಗಿದೆ? ಸ್ಟೂಲ್ ಎಳೆದುಕೊಂಡು ಕೂತು, ಟ್ರೆಡ್ಡಿನ ಮೇಲೆ ಅಡ್ಡಡ್ಡ ಕೈ ಸವರಿ. ಒಳಗಿನಿಂದ ಹೊರಗೆ ಒಮ್ಮೆ, ಹೊರಗಿನಿಂದ ಒಳಗೆ ಒಮ್ಮೆ. ಒಂದು ಕಡೆಗೆ ನಯವಾಗಿ ಜಾರಿ, ವಾಪಸ್ ಬರುವಾಗ ಅಂಚುಗಳು ಬೆರಳಿಗೆ ಚೂಪಾಗಿ ತಗುಲಿದರೆ ಅಲೈನ್‌ಮೆಂಟಿನಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ ಅಂತ ಅರ್ಥ. ಕಣ್ಣಿಗೆ ಇದು ಕಾಣುವುದೇ ಇಲ್ಲ, ಕೈಗೆ ತಕ್ಷಣ ಗೊತ್ತಾಗುತ್ತದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದರೆ ಗಾಳಿ ಜಾಸ್ತಿ. ಅಲ್ಲೊಂದು ಇಲ್ಲೊಂದು ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ನನ್ನ ಕಾರಿನಲ್ಲಿ ಬಲ ಮುಂದಿನ ಟೈರಿನ ಒಳ ಅಂಚು ಬೇರೆಲ್ಲದಕ್ಕಿಂತ ಬೇಗ ಸವೆಯುತ್ತಿತ್ತು. ಹೊರಗಿನಿಂದ ನೋಡಿದರೆ ಟೈರು ಚೆನ್ನಾಗೇ ಇತ್ತು. ಚಕ್ರ ಬಿಚ್ಚಿ ತಿರುಗಿಸಿದಾಗಲೇ ಗೊತ್ತಾಗಿದ್ದು. ಮರುದಿನವೇ ಅಲೈನ್‌ಮೆಂಟ್ ಮಾಡಿಸಿದೆ. ಟೈರು ಹೀಗೆ ಸವೆಯುತ್ತಿರುವಾಗ ಬರೀ ಜಾಗ ಬದಲಿಸಿದರೆ ಏನೂ ಪ್ರಯೋಜನ ಇಲ್ಲ, ಕಾರಣ ಹಾಗೇ ಉಳಿದು ಇನ್ನೊಂದು ಟೈರನ್ನು ತಿನ್ನುತ್ತದೆ.

ಟ್ರೆಡ್ ಆಳ ಅಳೆಯುವ ಸಣ್ಣ ಗೇಜು ಇಟ್ಟುಕೊಳ್ಳಿ. ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುತ್ತದೆ. ಟ್ರೆಡ್ಡಿನ ತೋಡುಗಳ ಒಳಗೆ ಅಡ್ಡಕ್ಕೆ ಇರುವ ಸಣ್ಣ ದಿಬ್ಬಗಳು 1.6 ಮಿ.ಮೀ. ಎತ್ತರ. ಟ್ರೆಡ್ ಅವುಗಳ ಮಟ್ಟಕ್ಕೆ ಇಳಿದರೆ ಟೈರಿನ ಆಯಸ್ಸು ಮುಗಿಯಿತು. ಗೋಡೆಯ ಮೇಲಿನ ನಾಲ್ಕು ಅಂಕಿಯನ್ನೂ ನೋಡಿ. 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಚಕ್ರ ಇಲ್ಲದ ಜಾಗದಲ್ಲಿ ಬ್ರೇಕ್ ಪ್ಯಾಡಿನ ದಪ್ಪ ಕಾಣುತ್ತದೆ, ಮೂರು ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಏರ್ಪಾಡು ಮಾಡಿಕೊಳ್ಳಿ. ಆ ಹಿರಿಯರು ತೋರಿಸಿದ ರಬ್ಬರ್ ಬೂಟನ್ನು ನಾನು ಈಗ ಪ್ರತಿ ಸಲ ಟಾರ್ಚ್ ಹಾಕಿ ನೋಡುತ್ತೇನೆ.

ವಾಪಸ್ ಹಾಕುವಾಗ ಹಬ್ಬಿನ (ಚಕ್ರ ಬಂದು ಕೂರುವ ಲೋಹದ ಭಾಗ) ಮುಖದ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ತುಕ್ಕಿನ ಪುಡಿ ಸಿಕ್ಕಿಕೊಂಡರೆ ರಿಮ್ಮು ಸರಿಯಾಗಿ ಕೂರುವುದಿಲ್ಲ, ಕಾರು ಓಡಿದಂತೆ ನಟ್ಟು ಸಡಿಲವಾಗುತ್ತದೆ. ಸ್ಟಡ್ಡಿನ ಮರೆಗೆ (ತಿರುಪಿನ ಗೆರೆಗಳಿಗೆ) ಎಣ್ಣೆ, ಗ್ರೀಸು ಹಚ್ಚಬೇಡಿ. ಎಣ್ಣೆ ಇದ್ದರೆ ಟಾರ್ಕ್ ರೆಂಚಿನ ಅದೇ ಅಂಕಿಗೆ ನಟ್ಟು ಇನ್ನೂ ಜಾಸ್ತಿ ಬಿಗಿಯಾಗುತ್ತದೆ. ಪ್ರತಿ ನಟ್ಟನ್ನೂ ಮೊದಲು ಬರಿಗೈಯಲ್ಲಿ ಕೆಲವು ಸುತ್ತು ತಿರುಗಿಸಿ. ಕೈಯಲ್ಲಿ ಸಲೀಸಾಗಿ ಹೋದರೆ ಮರೆ ಸರಿ ಕೂತಿದೆ ಅಂತ ಧೈರ್ಯ. ಆಮೇಲೆ ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು, ಹೀಗೆ ನಕ್ಷತ್ರದ ಆಕಾರದಲ್ಲಿ ಬಿಗಿಯುತ್ತಾ ಹೋಗಿ. ಕೊನೆಯ ಬಿಗಿ ಕಾರು ನೆಲಕ್ಕಿಳಿದ ಮೇಲೆ, ಟಾರ್ಕ್ ರೆಂಚಿನಿಂದ.

ಈ ರೆಂಚ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನದು ಕ್ಲಿಕ್ ಆಗುವ ಥರದ್ದು. ಹಿಡಿಯ ಬುಡ ತಿರುಗಿಸಿ ಬೇಕಾದ ಅಂಕಿಗೆ ಇಟ್ಟುಕೊಳ್ಳಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು, ಸರಿಯಾದ ಅಂಕಿ ಪುಸ್ತಕದಲ್ಲಿ ಇರುತ್ತದೆ. 40 ಸೆಂ.ಮೀ. ಉದ್ದದ ಹಿಡಿಯ ತುದಿಗೆ 25 ಕೆ.ಜಿ. ಭಾರ ಬಿಟ್ಟರೆ ಎಷ್ಟೋ ಅಷ್ಟು. ಪಾನಾದ ಮೇಲೆ ಹತ್ತಿ ನಿಂತು ಕುಪ್ಪಳಿಸುವವರಿದ್ದಾರೆ, ಅದು ಇದರ ಎಷ್ಟೋ ಪಟ್ಟು ಆಗುತ್ತದೆ. ರೆಂಚನ್ನು ನಿಧಾನವಾಗಿ, ಒಂದೇ ಸಮ ಎಳೆಯಿರಿ. ಅಂಕಿ ಮುಟ್ಟಿದ ಕೂಡಲೇ ಟಕ್ ಅನ್ನುತ್ತದೆ, ಅಂಗೈಯಲ್ಲಿ ಸಣ್ಣ ಜಗ್ಗು ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಸಲ ಟಕ್ ಅನ್ನಿಸುವುದು ಬೇಡ. ಈ ರೆಂಚಿನಿಂದ ನಟ್ಟು ಬಿಚ್ಚಬಾರದು. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ಇಳಿಸಿ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ.

ಆಮೇಲೆ ಗಾಳಿ. ಎಷ್ಟೋ ಕಾರುಗಳಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಅಂಕಿ ಇರುತ್ತದೆ, ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ. ಜಾಗ ಬದಲಾದ ಮೇಲೆ ಗಾಳಿಯನ್ನೂ ಹೊಸ ಜಾಗಕ್ಕೆ ತಕ್ಕಂತೆ ಸರಿ ಮಾಡಬೇಕು. ಅಂಗಡಿಯಲ್ಲಿ ಬಹಳ ಸಲ ಮರೆತುಹೋಗುವುದು ಇದೇ. ಗಾಳಿ ತೋರಿಸುವ ಸೆನ್ಸರ್ ಇರುವ ಕೆಲವು ಕಾರುಗಳಲ್ಲಿ ಯಾವ ಚಕ್ರ ಎಲ್ಲಿದೆ ಅಂತ ಮತ್ತೆ ಕಲಿಸಬೇಕಾಗುತ್ತದೆ. ಕೆಲವಕ್ಕೆ ಅದರ ಉಪಕರಣ ಅಂಗಡಿಯಲ್ಲೇ ಇರುವುದು.

ಯಾರು ಮನೆಯಲ್ಲಿ ಮಾಡಬಾರದು? ಸೊಂಟ ನೋವಿನವರು ಖಂಡಿತ ಬೇಡ. ಸಣ್ಣ ಕಾರಿನ ಒಂದು ಚಕ್ರವೇ 15 ಕೆ.ಜಿ. ಆಸುಪಾಸು ಇರುತ್ತದೆ, ಬಗ್ಗಿ ಎತ್ತಿ ಸ್ಟಡ್ಡಿಗೆ ಹೊಂದಿಸಬೇಕು. ದೊಡ್ಡ ಎಸ್‌ಯುವಿಯವರು ತಮ್ಮ ಜಾಕಿನ ತಾಕತ್ತು ಮೊದಲು ನೋಡಿಕೊಳ್ಳಿ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಹೊಟ್ಟೆಯ ಅಡಿಯಲ್ಲೇ ಇರುತ್ತದೆ, ತಪ್ಪು ಜಾಗಕ್ಕೆ ಜಾಕು ಕೊಟ್ಟರೆ ಆಗುವ ನಷ್ಟ ದೊಡ್ಡದು. ನಾಲ್ಕೂ ಚಕ್ರ ಎಳೆಯುವ ಕಾರುಗಳಿಗೆ ರೊಟೇಶನ್ ಇನ್ನೂ ಮುಖ್ಯ. ಟೈರುಗಳ ಸವೆತದಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಿ ಡಿಫರೆನ್ಷಿಯಲ್‌ಗೆ (ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಸುಮ್ಮನೆ ಶ್ರಮ ಕೊಡುತ್ತವೆ.

ಅಂಗಡಿಗೇ ಹೋಗುವವರಿಗೆ ನನ್ನದು ಒಂದು ಸಲಹೆ. ಕಾರು ಒಳಗೆ ಬಿಡುವ ಮೊದಲೇ ಕೇಳಿ: "ಕೊನೆಗೆ ಟಾರ್ಕ್ ರೆಂಚ್ ಹಾಕುತ್ತೀರಾ? ಎಷ್ಟಕ್ಕೆ?" ಅಂಕಿ ಹೇಳಿದರೆ ಅಥವಾ ಪುಸ್ತಕ ತೆಗೆದು ನೋಡಿದರೆ ಧೈರ್ಯವಾಗಿ ಬಿಡಿ. "ಅದೆಲ್ಲ ಗನ್ನಲ್ಲೇ ಆಗುತ್ತೆ ಸಾರ್" ಅಂದರೆ ನಾನಾದರೆ ಮುಂದಿನ ಅಂಗಡಿ ನೋಡುತ್ತೇನೆ.

ಮನೆಯಲ್ಲೇ ಮಾಡಿ, ಅಂಗಡಿಯಲ್ಲೇ ಮಾಡಿಸಿ, 80ರಿಂದ 100 ಕಿ.ಮೀ. ಓಡಿಸಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ನೋಡಲೇಬೇಕು. ರಿಮ್ಮು ಹಬ್ಬಿನ ಮೇಲೆ ಪೂರ್ತಿ ಕೂತ ಮೇಲೆ ನಟ್ಟು ಸ್ವಲ್ಪ ಸಡಿಲ ಬಿಡುವುದುಂಟು. ಇದಕ್ಕಾಗಿ ಅಂಗಡಿಗೆ ವಾಪಸ್ ಹೋಗುವವರು ಅಪರೂಪ. ಅದಕ್ಕೇ ಜಾಕು, ಸ್ಟ್ಯಾಂಡು ಏನೂ ಬೇಡ ಅನ್ನುವವರೂ ಟಾರ್ಕ್ ರೆಂಚ್ ಒಂದನ್ನು ಕೊಂಡು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಸರಿಯಾದ ಸಾಕೆಟ್ ಜೊತೆಗೆ. ಕಾರು ನೆಲದ ಮೇಲೆ ನಿಂತಿದ್ದಾಗಲೇ ಮಾಡುವ ಕೆಲಸ, ಹತ್ತು ನಿಮಿಷ ಸಾಕು.